ಮಗನ ನಾಟಕ ನೋಡಲು 3 ಪೌಂಡ್

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡ್ತಾ ಇರುವುದು ನಮ್ಮ ಮಗನ ಶಾಲೆಯ ಹೊರಗಿನ ರಸ್ತೆ. ಸಮಯ ಸಂಜೆ 3.50. ಇಂಗ್ಲೆಂಡಿನ ಡಿಸೆಂಬರ್ ಹೀಗೆಯೇ. ಇಲ್ಲಿ ಮಿಲ್ಟನ್ ಕೀನ್ಸ್‌ನಲ್ಲಿ ಶಾಲೆ ಬಿಟ್ಟು ಮನೆ ಸೇರುವ ಹೊತ್ತಿಗೆ ಸೂರ್ಯ ಮುಳುಗಿಯೇ ಹೋಗಿರುತ್ತಾನೆ, ಬೀದಿ ದೀಪ ಹತ್ತಿರುತ್ತದೆ, ಮಕ್ಕಳ ಮೂಗು ಕೆಂಪಾಗಿರುತ್ತದೆ. ಮುಂದೆ ಓಡುತ್ತಿದ್ದಾನಲ್ಲ, ತಲೆಗೆ ಕೆಂಪು ಅಂಚಿನ ಬೈರಾಸು (ಟವೆಲ್) ಕಟ್ಟಿಕೊಂಡವನು, ಅವನೇ ನನ್ನ ಮಗ. ಇವತ್ತು ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ಅವನು ಕುರುಬ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ವಿಡಿಯೋದಲ್ಲಿ ನಾಟಕ ಇರುವುದಿಲ್ಲ. ಶಾಲೆಯವರು ಫೋನ್ ತೆಗೆಯಬೇಡಿ ಎಂದಿದ್ದರು. ಮನೆಯ ಆಲ್ಬಂಗೆ ಅಂತ ಅಪ್ಪ ಅಮ್ಮ ತೆಗೆಯುವ ಫೋಟೊಗೆ ಇಲ್ಲಿನ ಡೇಟಾ ಕಾನೂನು ಅಡ್ಡ ಬರುವುದಿಲ್ಲ, ಆದರೆ ಯೂಟ್ಯೂಬಿಗೆ ಹಾಕುವುದು ಬೇರೆಯೇ ವಿಷಯ. ಫೋಟೊ ಹೊರಗೆ ಬರಲೇಬಾರದ ಮಕ್ಕಳೂ ಶಾಲೆಯಲ್ಲಿ ಇರುತ್ತಾರೆ. ಬೇರೆಯವರ ಮನೆಯಲ್ಲಿ ಆಸರೆ ಪಡೆದು ಬೆಳೆಯುವವರು, ಯಾರಿಂದಲೋ ದೂರ ಇರಿಸಬೇಕಾದವರು. ಹಾಗಾಗಿ ರಸ್ತೆ, ನಮ್ಮ ಅಡುಗೆಮನೆ, ಈ ಬೈರಾಸು, ಇಷ್ಟೇ. ನಾನು ಮಾತಾಡುತ್ತಾ ಹೋಗುತ್ತೇನೆ.

ಈ ನಾಟಕದ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇಲ್ಲಿನ ಪ್ರೈಮರಿ ಶಾಲೆಗಳಲ್ಲಿ ಡಿಸೆಂಬರ್ ಬಂತು ಅಂದರೆ ನೇಟಿವಿಟಿ ಪ್ಲೇ. ಯೇಸು ಹುಟ್ಟಿದ ಕಥೆ. ಮೇರಿ, ಜೋಸೆಫ್, ಮೂವರು ರಾಜರು, ದೇವದೂತರು, ಕುರುಬರು, ಕುರಿಗಳು, ಒಂದು ಕತ್ತೆ, ಒಂದು ನಕ್ಷತ್ರ. ಸಾಮಾನ್ಯವಾಗಿ ಮಾಡುವವರು ಸಣ್ಣವರು, 4ರಿಂದ 7 ವರ್ಷದ ಮಕ್ಕಳು. ಕುರುಬನ ವೇಷ ಅಂದರೆ ಇಲ್ಲಿ ತಲೆಮಾರುಗಳಿಂದ ಒಂದೇ, ಪಾತ್ರೆ ಒರೆಸುವ ಬಟ್ಟೆಯನ್ನು ತಲೆ ಮೇಲೆ ಹಾಕಿ ಸುತ್ತ ಒಂದು ದಾರ. ಅಂಗಡಿಯಲ್ಲಿ ರೆಡಿಮೇಡ್ ವೇಷವೂ ಸಿಗುತ್ತದೆ, ಆದರೆ ನಾನು ಕುಂದಾಪುರದಿಂದ ಅಮ್ಮ ಕಳಿಸಿದ ಬೈರಾಸನ್ನೇ ಕಟ್ಟಿದೆ. ಅದರ ಫೋಟೊ ಅಮ್ಮನಿಗೆ ಕಳಿಸಿದರೆ, ‘ಗೋದಲಿಯಲ್ಲಿ ಇರುವ ಬೊಂಬೆ ಹಾಗೇ ಇದ್ದಾನೆ’ ಅಂದರು. ನಮ್ಮ ಪಕ್ಕದ ಮನೆ ಬಾಯಮ್ಮ ಪ್ರತಿ ವರ್ಷ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯ, ಕಟ್ಟುತ್ತಿದ್ದರು, ನಾವು ಮಕ್ಕಳೆಲ್ಲ ಹೋಗಿ ಕೂತು ನೋಡುತ್ತಿದ್ದೆವು, ಬರುವಾಗ ಕೈತುಂಬ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿ. ನಮಗೆ ಆಗ ಕ್ರಿಸ್‌ಮಸ್ ಅಂದರೆ ಆ ಕಿಡಿಯೋ, ಆ ಗುಳಿಯೋ ಎಂಬ ತಿಂಡಿಗಳೇ.

ಸರಿ, ಟಿಕೆಟ್ ವಿಷಯಕ್ಕೆ ಬರುತ್ತೇನೆ.

ಮಗ ಇಲ್ಲಿನ ಮೊದಲ ತರಗತಿಯಾದ ರಿಸೆಪ್ಷನ್‌ಗೆ ಸೇರಿದ ವರ್ಷ, ಅಂದರೆ 2023ರಲ್ಲಿ, ಶಾಲೆಯ ಆ್ಯಪ್‌ನಲ್ಲಿ ಒಂದು ಮೆಸೇಜ್ ಬಂತು. ನಾಟಕ ಮಧ್ಯಾಹ್ನ 2 ಗಂಟೆಗೆ, ಒಂದು ಟಿಕೆಟ್‌ಗೆ 3 ಪೌಂಡ್, ಒಂದು ಕುಟುಂಬಕ್ಕೆ ಎರಡೇ ಟಿಕೆಟ್. ನಾನು 6 ಪೌಂಡ್ ಕಟ್ಟಿದೆ, ಕಟ್ಟಿ ಮರೆತುಬಿಟ್ಟೆ. ಮರುವರ್ಷವೂ ಅದೇ. ನಮ್ಮ ಮನೆಯಲ್ಲಿ ಇಬ್ಬರಿಗೂ ಕೆಲಸ ಇದೆ, 6 ಪೌಂಡ್ ನಮಗೆ ಹೊರೆ ಅಲ್ಲ. ಹೊರೆ ಅಲ್ಲದ್ದರಿಂದಲೇ ಎರಡು ವರ್ಷ ನನಗೆ ಏನೂ ಕಾಣಲಿಲ್ಲ.

ಕಳೆದ ವರ್ಷ ನಾಟಕದ ದಿನ ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ನನ್ನ ಒಬ್ಬ ಗೆಳತಿಗೆ ಅಂತ ಹಿಡಿದಿದ್ದೆ. ಹಾಸನದ ಕಡೆಯವಳು, ಇಲ್ಲಿ ಕೇರ್ ಹೋಮ್‌ನಲ್ಲಿ ಕೆಲಸ ಮಾಡುತ್ತಾಳೆ. ಅವಳ ಚಿಕ್ಕ ಮಗಳು ನನ್ನ ಮಗನ ಕ್ಲಾಸು, ದೊಡ್ಡವನು ಮೇಲಿನ ತರಗತಿ. ನಾಟಕ ಶುರುವಾಯಿತು, ಅವಳು ಬರಲಿಲ್ಲ. ಆ ಮಗು ಆ ಸಲ ದೇವದೂತೆ. ಬಿಳಿ ಬಟ್ಟೆ, ತಲೆ ಮೇಲೆ ಮಿಂಚುವ ಉಂಗುರ. ಹಾಡಿನ ಕೈಸನ್ನೆಗಳನ್ನೆಲ್ಲ ತಪ್ಪಿಲ್ಲದೆ ಮಾಡಿದಳು, ಆದರೆ ಕಣ್ಣು ಮಾತ್ರ ಸಾಲು ಸಾಲು ಹುಡುಕುತ್ತಿತ್ತು. ಮುಂದಿನ ಸಾಲು, ಅದರ ಹಿಂದಿನದು, ಬಾಗಿಲು. ಮತ್ತೆ ಮುಂದಿನ ಸಾಲು. ನಾನು ಕೈ ಬೀಸಿದೆ. ಅವಳು ನನ್ನನ್ನು ನೋಡಿದಳು, ನೋಡಿ ಮತ್ತೆ ಹುಡುಕಲು ಶುರು ಮಾಡಿದಳು.

ಸಂಜೆ ಫೋನ್ ಮಾಡಿದೆ. ‘ಶಿಫ್ಟ್ ಇತ್ತು ಕಣೆ’ ಅಂದಳು. ಸುಮಾರು ದಿನ ಆದಮೇಲೆ ಮನೆಗೆ ಬಂದಾಗ, ಟೀ ಕುಡಿಯುತ್ತಾ, ಅವಳೇ ಹೇಳಿದಳು. ಶಿಫ್ಟ್ ಬದಲಾಯಿಸಿಕೊಳ್ಳಬಹುದಿತ್ತು. ಆದರೆ ಚಿಕ್ಕವಳ ನಾಟಕಕ್ಕೆ ಇಬ್ಬರಿಗೆ 6, ದೊಡ್ಡವನ ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡಿನ ಕಾರ್ಯಕ್ರಮಕ್ಕೆ ಇಬ್ಬರಿಗೆ 6. ಅದೇ ವಾರ ಕ್ರಿಸ್‌ಮಸ್ ಜಂಪರ್ (ಸ್ವೆಟರ್) ದಿನಕ್ಕೆ ಇಬ್ಬರಿಗೆ ಒಂದೊಂದು ಪೌಂಡ್, ಕ್ಲಾಸಿನ ಪಾರ್ಟಿಗೆ ತಿಂಡಿ, ಟೀಚರ್ ಉಡುಗೊರೆಗೆ ಪಾಲು. ‘ದುಡ್ಡು ಇರಲೇ ಇಲ್ಲ ಅಂತಲ್ಲ. ಆ ವಾರ ಬಸ್ಸಿಗೆ ಇಟ್ಟದ್ದನ್ನು ಮುಟ್ಟಬೇಕಿತ್ತು’ ಅಂದಳು.

ನಾನು ಆಮೇಲೆ ಕೂತು ಲೆಕ್ಕ ಹಾಕಿದೆ. ಕಳೆದ ಡಿಸೆಂಬರ್‌ನಲ್ಲಿ ಅಂದರೆ 2024ರಲ್ಲಿ, ಇಲ್ಲಿ 21 ತುಂಬಿದವರಿಗೆ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡ್ ಇತ್ತು. 2025ರ ಏಪ್ರಿಲ್‌ನಿಂದ 12.21. ಎರಡು ಕಾರ್ಯಕ್ರಮದ ಟಿಕೆಟ್ 12 ಪೌಂಡ್. ಅಂದರೆ ಮಕ್ಕಳನ್ನು ನೋಡುವುದಕ್ಕೆ ಒಂದು ಗಂಟೆಗಿಂತ ಜಾಸ್ತಿ ದುಡಿಮೆ. ಅದರ ಮೇಲೆ ಮಧ್ಯಾಹ್ನ 2 ಗಂಟೆಯ ನಾಟಕಕ್ಕೆ ಕೆಲಸ ಬಿಟ್ಟು ಬಂದರೆ ಆ ಗಂಟೆಗಳ ಕೂಲಿಯೂ ಹೋಯಿತು. ಆಫೀಸಿನಲ್ಲಿ ಕೂರುವ ನನ್ನಂಥವಳು ‘ಎರಡು ತಾಸು ಹೋಗಿ ಬರ್ತೀನಿ’ ಅಂದರೆ ಸಂಬಳ ಕಡಿಯುವುದಿಲ್ಲ. ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಕಡಿಯುತ್ತದೆ. ಒಂದೇ ನಾಟಕ, ಒಂದೇ ಬೆಲೆ ಅಂತ ಚೀಟಿಯಲ್ಲಿ ಬರೆದಿರುತ್ತದೆ, ಆದರೆ ಅವಳು ಕೊಡುವ ಬೆಲೆ ನನ್ನದಕ್ಕಿಂತ ಎಷ್ಟೋ ದೊಡ್ಡದು.

‘ಕಷ್ಟ ಇರುವವರು ಆಫೀಸಿನಲ್ಲಿ ಹೇಳಿದರೆ ಫ್ರೀ ಟಿಕೆಟ್ ಕೊಡುತ್ತಾರಲ್ಲ’ ಅಂತ ನನಗೆ ಒಬ್ಬರು ಹೇಳಿದರು. ಕೊಡುತ್ತಾರೆ. ಆದರೆ ನಮ್ಮ ಶಾಲೆಯಲ್ಲಿ ಆ ವಿನಾಯಿತಿ ಇದ್ದದ್ದು ಸರ್ಕಾರದ ಭತ್ಯೆ, ಯೂನಿವರ್ಸಲ್ ಕ್ರೆಡಿಟ್, ಪಡೆಯುವ ಮನೆಗಳಿಗೆ. ಕೆಲಸದ ವೀಸಾ ಮೇಲೆ ಬಂದ ನಮ್ಮಂಥವರಿಗೆ ಆ ಭತ್ಯೆ ಪಡೆಯುವ ಹಕ್ಕೇ ಇಲ್ಲ. ಇನ್ನೊಂದು, ಬೆಳಿಗ್ಗೆ 8.45ಕ್ಕೆ ಗೇಟಿನ ಹತ್ತಿರ ಎಲ್ಲ ಅಪ್ಪ ಅಮ್ಮಂದಿರು ನಿಂತಿರುವಾಗ, ಆಫೀಸ್ ಕಿಟಕಿಗೆ ಹೋಗಿ ನನ್ನ ಹತ್ತಿರ 3 ಪೌಂಡ್ ಇಲ್ಲ ಅಂತ ಯಾರು ಹೇಳುತ್ತಾರೆ? ನಾನಾದರೆ ಹೇಳುತ್ತಿರಲಿಲ್ಲ. ಶಿಫ್ಟ್ ಇತ್ತು ಅಂತಲೇ ಹೇಳುತ್ತಿದ್ದೆ.

ಇಲ್ಲಿನ ಕಾನೂನು ಏನು ಹೇಳುತ್ತದೆ ಅಂತಲೂ ಓದಿದೆ. 1996ರ ಶಿಕ್ಷಣ ಕಾಯ್ದೆ ಪ್ರಕಾರ ಸರ್ಕಾರಿ ಶಾಲೆಗಳು ಶಾಲೆ ಸಮಯದ ಪಾಠಕ್ಕೆ ದುಡ್ಡು ಕೇಳುವ ಹಾಗಿಲ್ಲ. ಪ್ರವಾಸಕ್ಕೆ ಕರೆದುಕೊಂಡು ಹೋಗುವಾಗ ‘ಇಷ್ಟವಿದ್ದರೆ ಕೊಡಿ’ ಅನ್ನಬಹುದು, ಆದರೆ ಕೊಡದ ಮನೆಯ ಮಗುವನ್ನು ಬಿಟ್ಟು ಹೋಗುವಂತಿಲ್ಲ. ಎಷ್ಟು ಒಳ್ಳೆ ನಿಯಮ ಅಲ್ವಾ? ನಾಟಕದ ಪ್ರಾಕ್ಟೀಸ್, ಹಾಡು ಕಲಿಸುವುದು ಎಲ್ಲ ಶಾಲೆ ಸಮಯದಲ್ಲೇ, ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಆದರೆ ಈ ನಿಯಮ ಇರುವುದು ಮಗುವಿಗೆ. ನೋಡಲು ಬರುವ ಅಮ್ಮನಿಗೆ ಇಲ್ಲ. ಮಗುವಿಗೆ ವೇದಿಕೆ ಫ್ರೀ, ಅಮ್ಮನ ಕುರ್ಚಿಗೆ 3 ಪೌಂಡ್. 5 ವರ್ಷದ ಮಗುವಿನ ಮಟ್ಟಿಗೆ ಇವೆರಡೂ ಒಂದೇ ಅಲ್ಲವಾ? ಅಮ್ಮ ಕೂತಿಲ್ಲದ ಹಾಲ್‌ನಲ್ಲಿ ಆ ಮಗು ಯಾರಿಗೆ ಹಾಡಬೇಕು?

ಶಾಲೆಯವರನ್ನು ಬೈಯುವುದಕ್ಕೆ ಈ ವಿಡಿಯೋ ಮಾಡುತ್ತಿಲ್ಲ. ಖರ್ಚು ಇದೆ, ನಿಜವಾಗಿಯೂ ಇದೆ. ನಾಟಕದ ಪುಸ್ತಕ, ಹಾಡುಗಳ ಸಂಗೀತ ಕೊಂಡುಕೊಳ್ಳಬೇಕು, ಆಡುವುದಕ್ಕೆ ಪ್ರಕಾಶಕರಿಂದ ಲೈಸೆನ್ಸ್ ಬೇಕು. ಬಟ್ಟೆ, ರಟ್ಟು, ಬಣ್ಣ ಬೇಕು. ಬಂದವರಿಗೆ ಮಲ್ಡ್ ವೈನ್ (ಮಸಾಲೆ ಹಾಕಿ ಬಿಸಿ ಮಾಡಿದ ವೈನ್) ಮಾರಬೇಕಾದರೆ ಕೌನ್ಸಿಲ್‌ಗೆ 21 ಪೌಂಡ್ ಕಟ್ಟಿ ಆ ದಿನದ ಮಟ್ಟಿಗೆ ಅನುಮತಿ ತೆಗೆದುಕೊಳ್ಳಬೇಕು. ಮಿಕ್ಕಿದ ದುಡ್ಡು ಯಾರ ಜೇಬಿಗೂ ಹೋಗುವುದಿಲ್ಲ. ಪೇರೆಂಟ್ಸ್ ಅಸೋಸಿಯೇಷನ್‌ನವರು ಅದರಲ್ಲಿ ಲೈಬ್ರರಿಗೆ ಪುಸ್ತಕ ತರುತ್ತಾರೆ, ಆಟದ ಮೈದಾನಕ್ಕೆ ಏನಾದರೂ ಹಾಕಿಸುತ್ತಾರೆ. ಅದನ್ನು ನಡೆಸುವವರೂ ನಮ್ಮ ಹಾಗೆ ಕೆಲಸ, ಮನೆ ಎರಡನ್ನೂ ಮಾಡಿಕೊಂಡು ರಾತ್ರಿ 9 ಗಂಟೆಗೆ ಮೀಟಿಂಗ್‌ಗೆ ಕೂರುವ ಅಮ್ಮಂದಿರು. ಟಿಕೆಟ್ ಇರಲಿ, ಅದು ಬೇಕು. ಹಾಲ್‌ನಲ್ಲಿ ಇಷ್ಟೇ ಜನ ಅಂತ ಬೆಂಕಿ ಸುರಕ್ಷತೆಯ ಲೆಕ್ಕ ಇರುತ್ತದೆ, ಟಿಕೆಟ್ ಇಲ್ಲದೆ ಅದು ಸಾಧ್ಯವಿಲ್ಲ. ಟಿಕೆಟ್ ಮೇಲೆ ಬೆಲೆ ಬೇಡ, ನಾನು ಹೇಳುವುದು ಅಷ್ಟೇ. ದುಡ್ಡು ಕೇಳಿ, ಧಾರಾಳವಾಗಿ ಕೇಳಿ, ಆದರೆ ಒಳಗೆ ಬಿಟ್ಟುಕೊಂಡ ಮೇಲೆ ಕೇಳಿ.

ಇದನ್ನು ನಾನು ಕಲಿತದ್ದು ಊರಿನಲ್ಲಿ. ನಮ್ಮ ಕಡೆ ಯಕ್ಷಗಾನದಲ್ಲಿ ಎರಡು ದಾರಿ ಇದೆ. ಸಾಲಿಗ್ರಾಮ, ಪೆರ್ಡೂರು ಡೇರೆ ಮೇಳಗಳು, ಅಂದರೆ ಡೇರೆ ಹಾಕಿ ಆಡುವ ತಂಡಗಳು, ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬೇಕು. ಅದು ಸರಿಯೇ, ಕಲಾವಿದರ ಹೊಟ್ಟೆಪಾಡು ಅದು. ಇನ್ನೊಂದು ಹರಕೆ ಆಟ. ಮಂದಾರ್ತಿ ಮೇಳಕ್ಕೆ, ಕಟೀಲು ಮೇಳಕ್ಕೆ ಒಂದು ಮನೆಯವರು ಹರಕೆ ಹೊತ್ತು ಆಟ ಆಡಿಸುತ್ತಾರೆ, ಅದಕ್ಕೆ ವರ್ಷಗಟ್ಟಲೆ ಕಾಯುತ್ತಾರೆ. ಖರ್ಚೆಲ್ಲ ಆ ಮನೆಯವರದು, ಆದರೆ ಆಟ ಊರಿನವರಿಗೆಲ್ಲ. ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಯಾರು ಬೇಕಾದರೂ ಕೂರಬಹುದು. ದುಡ್ಡು ಇದ್ದವರು ಆಟ ಆಡಿಸುತ್ತಾರೆ, ಇಲ್ಲದವರು ಬಂದು ಕೂರುತ್ತಾರೆ, ಯಾರು ಕೊಟ್ಟರು ಯಾರು ಬಿಟ್ಟರು ಅಂತ ಚಾಪೆ ಮೇಲೆ ಕೂತವರ ಮುಖದಲ್ಲಿ ಬರೆದಿರುವುದಿಲ್ಲ. ಈ ಯೇಸು ಹುಟ್ಟಿದ ದೃಶ್ಯವನ್ನು ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಹುಲ್ಲು, ಎತ್ತು, ಕತ್ತೆ ಎಲ್ಲ ತರಿಸಿ ತೋರಿಸಿದಾಗಲೂ ಸುತ್ತಲಿನ ಜನ ಪಂಜು ಹಿಡಿದು ಬಂದಿದ್ದರಂತೆ. ಓದಿದಾಗ ನನಗೆ ನಮ್ಮ ಬಯಲಾಟದ ರಾತ್ರಿಯೇ ಕಣ್ಣ ಮುಂದೆ ಬಂತು.

ಕೆಲವು ಶಾಲೆಗಳಲ್ಲಿ ಮುಂದಿನ ಸಾಲಿನ ಕುರ್ಚಿಗಳನ್ನೇ ಲಾಟರಿಯಂಥ ರಾಫಲ್‌ಗೆ ಇಡುತ್ತಾರೆ. ನನಗೆ ಅದು ಸ್ವಲ್ಪವೂ ಇಷ್ಟವಿಲ್ಲ. ಚಾಕೊಲೇಟ್ ಬುಟ್ಟಿ ಇಡಿ, ಎಷ್ಟು ಬೇಕಾದರೂ ಇಡಿ.

ಹೆಡ್‌ಟೀಚರ್ ಹತ್ತಿರ ಹೋಗಿ ಮಾತಾಡಿದೆ. ಗೆಳತಿಯ ಹೆಸರು ಹೇಳಲಿಲ್ಲ. ಅವರು ಕೇಳಿಸಿಕೊಂಡರು, ಅಸೋಸಿಯೇಷನ್ ಮೀಟಿಂಗ್‌ಗೆ ಬನ್ನಿ ಅಂದರು. ಅಲ್ಲಿ ಮಾತು ಸುಲಭ ಇರಲಿಲ್ಲ. ದುಡ್ಡು ಕೇಳದೆ ಇದ್ದರೆ ಜನ ಕೊಡುವುದಿಲ್ಲ ಅಂತ ಒಬ್ಬರು ನೇರವಾಗಿ ಹೇಳಿದರು. ಅವರು ಹೇಳಿದ್ದರಲ್ಲಿ ಅನುಭವ ಇತ್ತು. ಆದರೆ ಖಜಾಂಚಿ ಒಂದು ವಿಷಯ ತೆಗೆದರು, ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ನೋಂದಾಯಿತ ಚಾರಿಟಿಗೆ ತೆರಿಗೆ ಕಟ್ಟುವವರು ದಾನ ಕೊಟ್ಟರೆ ಗಿಫ್ಟ್ ಏಡ್ ಅಂತ ಸರ್ಕಾರ ಪ್ರತಿ ಪೌಂಡ್‌ಗೆ 25 ಪೆನ್ಸ್ ಸೇರಿಸಿ ಕೊಡುತ್ತದೆ. ಡಬ್ಬಿಗೆ ಬೀಳುವ ಚಿಲ್ಲರೆ ದುಡ್ಡಿಗೂ, ಒಂದು ಸಲಕ್ಕೆ 30 ಪೌಂಡ್ ಒಳಗಿನದ್ದಕ್ಕೆ, ಇಂಥದ್ದೇ ಇನ್ನೊಂದು ಯೋಜನೆ ಇದೆ. ಅದಕ್ಕೆ ಕೊಟ್ಟವರ ಹೆಸರು, ಸಹಿ ಕೂಡ ಬೇಡ. ಟಿಕೆಟ್ ಮಾರಿದ ದುಡ್ಡಿಗೆ ಇದು ಸಿಗುವುದಿಲ್ಲ, ಯಾಕೆಂದರೆ ಅದು ದಾನ ಅಲ್ಲ, ವ್ಯಾಪಾರ. 100 ಪೌಂಡ್ ಟಿಕೆಟ್ ಮಾರಿದರೆ 100, ಡಬ್ಬಿಯಲ್ಲಿ 100 ಬಿದ್ದರೆ 125. ಆ ಮಾತು ಬಂದಮೇಲೆ ಕೋಣೆಯಲ್ಲಿ ಗಾಳಿ ಸ್ವಲ್ಪ ತಿರುಗಿತು. ಒಂದು ವರ್ಷ ನೋಡೋಣ, ಸಣ್ಣ ಮಕ್ಕಳ ನಾಟಕಕ್ಕೆ ಮಾತ್ರ ಅಂತ ಒಪ್ಪಿದರು.

ಹಾಗಾಗಿ ಈ ಸಲ ಟಿಕೆಟ್ ಫ್ರೀ. ಬಾಗಿಲ ಹತ್ತಿರ, ಹೊರಗೆ ಹೋಗುವ ದಾರಿಯಲ್ಲಿ, ಒಂದು ಕೆಂಪು ಬಕೆಟ್, ಪಕ್ಕದಲ್ಲಿ ಕಾರ್ಡ್ ತಾಗಿಸುವ ಒಂದು ಯಂತ್ರ. ನಾನು 10 ಪೌಂಡ್ ಹಾಕಿದೆ. ಕಳೆದ ವರ್ಷ 6 ಕೊಟ್ಟಿದ್ದೆ. ಒಬ್ಬರು ತಾತ ನೋಟು ಮಡಚಿ ಹಾಕಿದರು, ಕೆಲವರು ಹಾಗೇ ದಾಟಿ ಹೋದರು, ಯಾರೂ ಯಾರನ್ನೂ ನೋಡಲಿಲ್ಲ. ಒಟ್ಟು ಎಷ್ಟಾಯಿತು ಅಂತ ಸಂಜೆ ಕೇಳಿದೆ. ಕಳೆದ ವರ್ಷದ ಟಿಕೆಟ್ ದುಡ್ಡಿಗಿಂತ ಕಡಿಮೆ ಬಂದಿದೆ. ಆ 25 ಪೆನ್ಸ್ ಸೇರಿದ ಮೇಲೂ ಸ್ವಲ್ಪ ಕಡಿಮೆಯೇ ಆಗಬಹುದು ಅಂದರು. ನನಗೆ ಬೇಜಾರಾಯಿತು, ಜಾಸ್ತಿ ಬರುತ್ತದೆ ಅಂತ ನಂಬಿದ್ದೆ. ಆದರೂ ನನ್ನ ಮಾತು ಅದೇ. ಕಡಿಮೆ ಬಿದ್ದದ್ದನ್ನು ಜೂನ್‌ನ ಸಮ್ಮರ್ ಫೇರ್‌ನಲ್ಲಿ ತುಂಬಿಸೋಣ, ನಾನು ನೀರುದೋಸೆ ಸ್ಟಾಲ್ ಹಾಕುತ್ತೇನೆ ಅಂತ ಹೇಳಿ ಬಂದಿದ್ದೇನೆ.

ನನ್ನ ಗೆಳತಿ ಇವತ್ತು ಬಂದಿದ್ದಳು. ಕೇರ್ ಹೋಮ್‌ನ ನೀಲಿ ಯೂನಿಫಾರ್ಮ್ ಮೇಲೆ ಕೋಟು ಹಾಕಿಕೊಂಡು, ಶುರುವಾಗುವುದಕ್ಕೆ ಎರಡು ನಿಮಿಷ ಇರುವಾಗ ಓಡಿ ಬಂದು ನನ್ನ ಪಕ್ಕ ಕೂತಳು. ಈ ಸಲ ಅವಳ ಮಗಳು ನಕ್ಷತ್ರ. ಮೆಟ್ಟಿಲು ಹತ್ತಿ ಬಂದು ನಿಂತಳು, ಒಂದೇ ಸಲ ನೋಡಿದಳು, ಅಮ್ಮ ಸಿಕ್ಕಿದಳು. ಆಮೇಲೆ ಪೂರ್ತಿ ನಾಟಕ ಬೇರೆ ಕಡೆ ನೋಡಲೇ ಇಲ್ಲ, ಮೂವರು ರಾಜರಿಗೆ ದಾರಿ ತೋರಿಸಬೇಕಾದವಳು ಅಮ್ಮನ ಕಡೆಗೇ ಕೈ ತೋರಿಸುತ್ತಾ ನಿಂತಿದ್ದಳು.

ದೊಡ್ಡ ಮಕ್ಕಳ ಕ್ಯಾರಲ್ ಕಾರ್ಯಕ್ರಮಕ್ಕೆ ಇನ್ನೂ 3 ಪೌಂಡ್ ಇದೆ. ಅದರ ಬಗ್ಗೆ ಮೀಟಿಂಗ್ ಜನವರಿಯಲ್ಲಿ. ಈ ಸಲ ಗೆಳತಿಯೂ ಬರುತ್ತೇನೆ ಅಂದಿದ್ದಾಳೆ, ಆ ದಿನ ಅವಳಿಗೆ ಬೆಳಗಿನ ಶಿಫ್ಟ್.