ಕಂಪನಿಗೆ ಕಿವಿ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ. ಇನ್ನು ಸ್ವಲ್ಪ ದಿನಕ್ಕೆ ನಿಮ್ಮಲ್ಲಿ ಬಹಳ ಜನ ದೊಡ್ಡ ಕಂಪನಿಗಳಿಗೆ ಸೇರುತ್ತೀರಿ. ನಿಮ್ಮ ಮೇಷ್ಟ್ರು ‘ಮ್ಯಾನೇಜ್‌ಮೆಂಟ್ ಬಗ್ಗೆ ನಾಲ್ಕು ಮಾತು ಹೇಳಿ’ ಎಂದರು. ನನ್ನ ಹತ್ತಿರ ನಾಲ್ಕು ಇಲ್ಲ, ಒಂದಿದೆ.

ಕನ್ನಡದಲ್ಲಿ ‘ಕೇಳು’ ಎಂದರೆ ಪ್ರಶ್ನೆ ಹಾಕುವುದೂ ಹೌದು, ಕಿವಿಗೊಡುವುದೂ ಹೌದು. ಕಂಪನಿಗಳು ಮೊದಲನೆಯದನ್ನು ಮಾತ್ರ ಕಲಿತಿವೆ.

ವರ್ಷಕ್ಕೊಂದು ಸರ್ವೆ ಬರುತ್ತದೆ. ‘ಮನಸ್ಸು ಬಿಚ್ಚಿ ಹೇಳಿ, ಹೆಸರು ಬೇಡ.’ ಆದರೆ ಮೊದಲ ಪುಟದಲ್ಲೇ ವಿಭಾಗ ಯಾವುದು, ಗಂಡೋ ಹೆಣ್ಣೋ, ಸರ್ವಿಸ್ ಎಷ್ಟು ವರ್ಷ ಎಂದು ಕೇಳುತ್ತಾರೆ. ನಮ್ಮ ವಿಭಾಗದಲ್ಲಿ ಹತ್ತು ವರ್ಷ ದಾಟಿದ ಹೆಂಗಸು ಒಬ್ಬರೇ! ಅವರು ಎಲ್ಲದಕ್ಕೂ ‘ತುಂಬಾ ಚೆನ್ನಾಗಿದೆ’ ಎಂದು ಟಿಕ್ ಹಾಕಿ ಊಟಕ್ಕೆ ಹೋಗುತ್ತಿದ್ದರು. ನಿಜವಾದ ಸರ್ವೆ ಕ್ಯಾಂಟೀನಿನಲ್ಲಿ ನಡೆಯುತ್ತಿತ್ತು.

ಇನ್ನು ಅಪ್ರೈಸಲ್, ಅಂದರೆ ವರ್ಷದ ಕೆಲಸ ನೋಡಿ ರೇಟಿಂಗ್ ಕೊಡುವುದು. ಬೆಲ್ ಕರ್ವ್ ಹೆಸರು ನೀವೆಲ್ಲ ಓದಿದ್ದೀರಿ: ಪ್ರತಿ ಟೀಮಿನಲ್ಲೂ ಇಷ್ಟು ಜನ ಮೇಲೆ, ಇಷ್ಟು ಜನ ನಡುವೆ, ಇಷ್ಟು ಜನ ಕೆಳಗೆ ಇರಲೇಬೇಕು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜಾಕ್ ವೆಲ್ಚ್ 20-70-10 ಎಂಬ ಲೆಕ್ಕ ಓಡಿಸಿದರು. ನೌಕರರಲ್ಲಿ ಮೇಲಿನ ಶೇಕಡಾ 20ಕ್ಕೆ ಬೋನಸ್ಸು, ಕೆಳಗಿನ ಶೇಕಡಾ 10ಕ್ಕೆ ಬಾಗಿಲು. ಓದುವಾಗ ಸರಿ ಅನಿಸುತ್ತೆ, ಅಲ್ವಾ? ನನಗೂ ಅನಿಸಿತ್ತು.

ನಾನು ಟೀಮ್ ಲೀಡ್ ಆಗಿದ್ದೆ. ಕಂಪನಿಯ ಹೆಸರು ಬೇಡ. ನನ್ನ ಕೆಳಗೆ ಹನ್ನೊಂದು ಜನ. ಆ ವರ್ಷ ಯುಗಾದಿಗೂ ಯಾರೂ ಊರಿಗೆ ಹೋಗದೆ ಕೆಲಸ ಮುಗಿಸಿದ್ದರು. ರೇಟಿಂಗ್ ಮೀಟಿಂಗ್‌ನಲ್ಲಿ ಗೋಡೆ ಮೇಲೆ ಎಕ್ಸೆಲ್ ಶೀಟ್. ನನ್ನ ಟೀಮಿನ ಮುಂದೆ ಒಂದು ಚೌಕ ಕೆಂಪಗಿತ್ತು. ಯಾಕೆಂದರೆ ಕೊನೆ ರೇಟಿಂಗ್‌ಗೆ ನಾನು ಯಾರ ಹೆಸರನ್ನೂ ಕೊಟ್ಟಿರಲಿಲ್ಲ. ‘ಯಾರನ್ನಾದರೂ ಹಾಕಿ ಸಾರ್, ಶೀಟ್ ಕ್ಲೋಸ್ ಮಾಡಬೇಕು’ ಎಂದರು ಎಚ್‌ಆರ್‌ನವರು. ಪಕ್ಕದ ಲೀಡ್ ಆರಾಮಾಗಿ ಬಿಸ್ಕತ್ತು ತಿನ್ನುತ್ತಿದ್ದ. ಅವನು ಜಾಣ. ಇದಕ್ಕೆಂದೇ ಒಬ್ಬ ಸೋಮಾರಿಯನ್ನು ವರ್ಷವಿಡೀ ಸಾಕಿದ್ದ, ಹಬ್ಬಕ್ಕೆ ಕುರಿ ಸಾಕಿದ ಹಾಗೆ.

ನಾನು ಒಬ್ಬ ಹುಡುಗನ ಹೆಸರು ಹೇಳಿದೆ. ಅಪ್ಪನ ಆಪರೇಷನ್‌ಗೆ ಎರಡು ವಾರ ರಜೆ ಹಾಕಿದ್ದ, ಅಷ್ಟೇ ಕಾರಣ. ಚೌಕ ಹಸಿರಾಯಿತು. ಎಲ್ಲರೂ ಎದ್ದರು.

ಮರುದಿನ ಅವನನ್ನು ಕೂರಿಸಿಕೊಂಡು ‘ನೀನು ಇನ್ನೂ ಸ್ವಲ್ಪ ಜಾಸ್ತಿ ಜವಾಬ್ದಾರಿ ತಗೋಬೇಕಪ್ಪ’ ಎಂದೆ. ಅವನು ಜಗಳ ಮಾಡಲಿಲ್ಲ. ‘ಯಾವ ಕೆಲಸ ಬಾಕಿ ಉಳಿದಿತ್ತು ಸಾರ್?’ ಎಂದು ಕೇಳಿದ. ನಾನು ಸುಮ್ನೆ ಲ್ಯಾಪ್‌ಟಾಪ್ ನೋಡುತ್ತಾ ಕೂತೆ. ಎರಡು ತಿಂಗಳಿಗೆ ಪೇಪರ್ ಹಾಕಿದ.

ನೋಡಿ, ಅವನು ಕೇಳಿದ. ನಾನು ಕೇಳಿಸಿಕೊಳ್ಳಲಿಲ್ಲ.

ಮೈಕ್ರೋಸಾಫ್ಟ್‌ನಲ್ಲೂ ಇದೇ ಪದ್ಧತಿ ಇತ್ತು. 2012ರಲ್ಲಿ ಅಲ್ಲಿನ ಹಾಲಿ, ಮಾಜಿ ನೌಕರರನ್ನು ಮಾತಾಡಿಸಿದ ಅಮೆರಿಕದ ಪತ್ರಕರ್ತರೊಬ್ಬರಿಗೆ, ಎಲ್ಲರೂ ಬೆರಳು ತೋರಿಸಿದ್ದು ಈ ರ‍್ಯಾಂಕಿಂಗ್ ಕಡೆಗೇ. ಜಾಣರು ಜಾಣರ ಜೊತೆ ಒಂದೇ ಟೀಮಿನಲ್ಲಿ ಇರಲು ಹೆದರುತ್ತಿದ್ದರಂತೆ. ಮತ್ತೆ? ಪಕ್ಕದವನು ಚೆನ್ನಾಗಿ ಮಾಡಿದರೆ ನನ್ನ ನಂಬರ್ ಇಳಿಯುತ್ತೆ! ನವೆಂಬರ್ 2013ರಲ್ಲಿ ಅದನ್ನು ಕೈಬಿಟ್ಟರು.

ಮುಂದಿನ ಫೆಬ್ರವರಿಯಲ್ಲಿ ಸತ್ಯ ನಾದೆಲ್ಲ ಸಿಇಒ ಆದರು. ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರು. ಚಪ್ಪಾಳೆ ಈಗಲೇ ಬೇಡ, ತಡೀರಿ. ಅದೇ ಅಕ್ಟೋಬರ್‌ನಲ್ಲಿ ಕಂಪ್ಯೂಟರ್ ಕ್ಷೇತ್ರದ ಹೆಣ್ಣುಮಕ್ಕಳ ದೊಡ್ಡ ಸಮ್ಮೇಳನ. ಸಂಬಳ ಜಾಸ್ತಿ ಕೇಳಲು ಹಿಂಜರಿಯುವವರು ಏನು ಮಾಡಬೇಕು ಎಂಬ ಪ್ರಶ್ನೆ ಬಂತು. ಅಲ್ಲಿ ವೇದಿಕೆ ಮೇಲಿದ್ದ ನಾದೆಲ್ಲ, ಕೇಳುವುದಕ್ಕಿಂತ ವ್ಯವಸ್ಥೆಯನ್ನು ನಂಬಿ, ಕೇಳದಿರುವುದೇ ಒಳ್ಳೆ ಕರ್ಮ ಎನ್ನುವ ಅರ್ಥದಲ್ಲಿ ಮಾತಾಡಿದರು. ಜೊತೆಗಿದ್ದ ಮರಿಯಾ ಕ್ಲಾವೆ ಆಗ ಅದೇ ಮೈಕ್ರೋಸಾಫ್ಟ್‌ನ ನಿರ್ದೇಶಕ ಮಂಡಳಿಯಲ್ಲಿದ್ದವರು. ‘ಇದನ್ನು ನಾನು ಒಪ್ಪಲ್ಲ’ ಎಂದು ಅಲ್ಲೇ ಹೇಳಿದರು. ಸಭೆಯ ಚಪ್ಪಾಳೆ ಆಕೆಗೆ ಬಿತ್ತು. ಅವತ್ತೇ ನಾದೆಲ್ಲ ನೌಕರರಿಗೆ ಮೇಲ್ ಬರೆದರು. ನನ್ನ ಉತ್ತರ ಪೂರ್ತಿ ತಪ್ಪು, ಯೋಗ್ಯತೆ ಇದೆ ಅನಿಸಿದರೆ ಕೇಳಿಬಿಡಿ ಎಂದು. ಈಗ ಬೇಕಾದರೆ ಚಪ್ಪಾಳೆ ಹೊಡೀರಿ. ನಾನಂತೂ ಆ ಹುಡುಗನಿಗೆ ಇವತ್ತಿನವರೆಗೆ ಅಂಥ ಒಂದು ಮೇಲ್ ಬರೆದಿಲ್ಲ.

ಚೀಟಿ ಬಂತು, ‘ಐದು ನಿಮಿಷ’ ಅಂತ. ವಾರಕ್ಕೆ 70 ಗಂಟೆ ಕೆಲಸದ ವಿಷಯ, ಯೂನಿಯನ್ ವಿಷಯ ಎಲ್ಲ ಬರೆದುಕೊಂಡು ಬಂದಿದ್ದೆ. ಬಿಡಿ, ಆ ಹಾಳೆ ಮಡಚಿಡುತ್ತೇನೆ. ಉಳಿದ ಹೊತ್ತು ನೀವು ಮಾತಾಡಿ. ಹಿಂದಿನ ಸಾಲಿನ ಆ ಹುಡುಗಿ ಆಗಿನಿಂದ ಕೈ ಎತ್ತಿದ್ದಾಳೆ, ಮೈಕ್ ಅಲ್ಲಿಗೆ ಕೊಡ್ರಪ್ಪ. ಹೇಳಮ್ಮ.