ಡ್ರೋನ್‌ಗೆ ಕಿವಿ ಇಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಡ್ರೋನ್ ವಿಡಿಯೊ ಎಡಿಟ್ ಮಾಡೋದರ ಬಗ್ಗೆ ರೇಡಿಯೊದಲ್ಲಿ ಮಾತಾಡುತ್ತೀರಾ ಅಂತ ಕೇಳಿದಾಗ ನನಗೆ ನಗು ಬಂತು. ಚಿತ್ರವೇ ಕಾಣದ ಕಡೆ ಚಿತ್ರದ ಮಾತು. ಎಲೆ ಹಾಕದೆ ಪಾಯಸ ಬಡಿಸಿದ ಹಾಗೆ. ಆಮೇಲೆ ಹೊಳೆಯಿತು, ಡ್ರೋನ್‌ದು ಇದರ ಉಲ್ಟಾ ಕತೆ ಅಲ್ವಾ? ಅದಕ್ಕೆ ಕಣ್ಣು ಮಾತ್ರ ಇದೆ, ಕಿವಿ ಇಲ್ಲ. ನಮ್ಮಂಥವರು ಹವ್ಯಾಸಕ್ಕೆ ಹಾರಿಸುವ ಸಣ್ಣ ಡ್ರೋನ್‌ಗಳಲ್ಲಿ ಹೆಚ್ಚಿನವು ಶಬ್ದ ರೆಕಾರ್ಡ್ ಮಾಡುವುದೇ ಇಲ್ಲ. ಮಾಡಿದ್ದರೂ ಏನು ಕೇಳುತ್ತಿತ್ತು, ಅದರದೇ ರೆಕ್ಕೆಯ ಗುಂಯ್ ಅನ್ನೋ ಸದ್ದು. ಈ ಕಿವಿ ಇಲ್ಲದ ವಿಷಯಕ್ಕೆ ಕೊನೆಗೆ ಬರುತ್ತೇನೆ. ನಾನು ಅದನ್ನು ಕಲಿತದ್ದೂ ಕೊನೆಗೇ.

ನಾನು ಕುಮಟಾ ಕಡೆಯವನು. ವಾರವೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತೇನೆ, ಭಾನುವಾರ ಡ್ರೋನ್ ಹಾರಿಸುತ್ತೇನೆ. ನನ್ನದು 249 ಗ್ರಾಂ ತೂಕದ್ದು. 2022ರ ಫೆಬ್ರವರಿಯಲ್ಲಿ ಹೊರದೇಶದ ಡ್ರೋನ್ ತರಿಸುವುದಕ್ಕೆ ಸರ್ಕಾರ ತಡೆ ಹಾಕಿತಲ್ಲ, ಅದಕ್ಕೂ ಮುಂಚೆ ಕೊಂಡದ್ದು. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ತನಕದ್ದಕ್ಕೆ ನ್ಯಾನೊ ಅಂತ ಹೆಸರು, ಅದನ್ನು ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಡ. ಹಾಗಂತ ಮನಸ್ಸು ಬಂದಲ್ಲಿ ಹಾರಿಸುವಂತಿಲ್ಲ. ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ಜಾಗ ಹಸಿರೋ, ಹಳದಿಯೋ, ಕೆಂಪೋ ನೋಡಬೇಕು. ಹಸಿರಾದರೂ 400 ಅಡಿ ಮೀರಬಾರದು. ಕಾರವಾರದಲ್ಲಿ ನೌಕಾನೆಲೆ ಇಟ್ಟುಕೊಂಡ ಜಿಲ್ಲೆಯವರು ನಾವು, ಈ ನಕ್ಷೆ ನೋಡದೆ ಬ್ಯಾಟರಿ ಹಾಕುವುದೇ ತಪ್ಪು.

ನಾನು ಚಿತ್ರ ತೆಗೆದದ್ದು ಅಘನಾಶಿನಿ ನದಿ ಸಮುದ್ರ ಸೇರುವ ಜಾಗವನ್ನು. ಈಚೆ ತದಡಿ, ಆಚೆ ದಡದಲ್ಲಿ ಅಘನಾಶಿನಿ ಅನ್ನೋ ಊರು. ಒಳಗೆ ಬಂದರೆ ಸಾಣಿಕಟ್ಟೆಯ ಉಪ್ಪಿನಾಗರ, ಕಗ್ಗ ಅನ್ನೋ ಭತ್ತ ಬೆಳೆಯುವ, ಉಪ್ಪು ನೀರು ನುಗ್ಗುವ ಗಜನಿ ಗದ್ದೆಗಳು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು ಅಂತ ಪೇಪರಿನಲ್ಲಿ ಓದಿದ ದಿನವೇ ತಲೆಗೆ ಹುಳ ಬಿತ್ತು. ನಮ್ಮೂರಿನ ಮೇಲೆ ಒಂದು ವಿಡಿಯೊ ಮಾಡಲೇಬೇಕು.

ಮಾಡಿದೆ. 14 ನಿಮಿಷದ್ದು. ಎತ್ತರದಿಂದ ನದಿ, ಇನ್ನೂ ಎತ್ತರದಿಂದ ನದಿ, ಎಡಕ್ಕೆ ತಿರುಗಿ ನದಿ, ಬಲಕ್ಕೆ ತಿರುಗಿ ನದಿ. ಹಿಂದೆ ಎಲ್ಲಿಂದಲೋ ತಂದ ಪಿಯಾನೊ ಸಂಗೀತ. ಮನೆಯವರನ್ನೆಲ್ಲ ಟಿವಿ ಮುಂದೆ ಕೂರಿಸಿದೆ. ಮೂರನೇ ನಿಮಿಷಕ್ಕೆ ಚಿಕ್ಕಪ್ಪ ಗೊರಕೆ ಹೊಡೆದರು. ಆಯಿ ಪಾಪ ಪೂರ್ತಿ ನೋಡಿದಳು. ನೋಡಿ, "ಚಂದ ಇದೆ ಮಾರಾಯ, ಆದ್ರೆ ಇದ್ರಲ್ಲಿ ಎಂತ ಆಗ್ತದೆ?" ಅಂದಳು. ಏನೂ ಆಗುತ್ತಿರಲಿಲ್ಲ. ಅದೇ ತೊಂದರೆ.

ನಾನು ತೆಗೆದದ್ದನ್ನೆಲ್ಲ ಸಾಲಾಗಿ ಜೋಡಿಸಿದ್ದೆ, ಎಡಿಟ್ ಮಾಡಿರಲಿಲ್ಲ. ಕಷ್ಟಪಟ್ಟು ತೆಗೆದದ್ದಲ್ವಾ, ಬಿಸಾಡಲು ಮನಸ್ಸು ಬರುವುದಿಲ್ಲ. ಬಿಸಿಲಲ್ಲಿ ನಿಂತದ್ದು, ಹದ್ದು ಅಟ್ಟಿಸಿಕೊಂಡು ಬಂದಾಗ ಜೀವ ಕೈಯಲ್ಲಿ ಹಿಡಿದು ಡ್ರೋನ್ ಇಳಿಸಿದ್ದು, ಎಲ್ಲ ನೆನಪಾಗುತ್ತದೆ. ನೋಡುವವರಿಗೆ ಆ ಹದ್ದು ಗೊತ್ತಿಲ್ಲ. ಅವರಿಗೆ ಕಾಣುವುದು ಅಲುಗಾಡಿದ ಚಿತ್ರ ಅಷ್ಟೇ.

ಈಗ ನಾನು ಮಾಡುವುದು ಹೀಗೆ. ಮನೆಗೆ ಬಂದ ಕೂಡಲೇ ಕಾರ್ಡಿನಲ್ಲಿ ಇರುವುದನ್ನೆಲ್ಲ ಎರಡು ಕಡೆ ಕಾಪಿ ಮಾಡುತ್ತೇನೆ. ನನ್ನ ಡ್ರೋನ್ 4ಕೆಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ, ಅಂದರೆ ಒಂದು ನಿಮಿಷಕ್ಕೆ ಹೆಚ್ಚು ಕಡಿಮೆ 750 ಎಂಬಿ, 20 ನಿಮಿಷ ಹಾರಿಸಿದರೆ 15 ಜಿಬಿ. ಮೂರು ಬ್ಯಾಟರಿ ಖಾಲಿ ಮಾಡಿ ಬಂದ ದಿನ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಅದಕ್ಕೇ ಪ್ರಾಕ್ಸಿ ಅಂತ ಒಂದು ಉಪಾಯ ಇದೆ. ಪ್ರತಿ ಫೈಲಿನದೂ ಒಂದು ಸಣ್ಣ, ಹಗುರ ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡುವುದು, ಕೊನೆಗೆ ವಿಡಿಯೊ ಹೊರಗೆ ತೆಗೆಯುವಾಗ ಸಾಫ್ಟ್‌ವೇರ್ ತಾನೇ ಮೂಲ ಫೈಲನ್ನು ಎತ್ತಿಕೊಳ್ಳುತ್ತದೆ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಇದು ಸಿಗುತ್ತದೆ, ಅದರ ಉಚಿತ ಆವೃತ್ತಿಯೇ ನಮ್ಮಂಥವರಿಗೆ ಸಾಕಾಗಿ ಮಿಕ್ಕುತ್ತದೆ. ಕಂಪ್ಯೂಟರ್ ಹಳೆಯದಾಗಿದ್ದರೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ನೋಡಿ, ಅವೆರಡೂ ಪೂರ್ತಿ ಉಚಿತ, ಪ್ರಾಕ್ಸಿ ಅವುಗಳಲ್ಲೂ ಇದೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಂಡರೆ ವಿಡಿಯೊ ಚೆನ್ನಾಗಿ ಬರುತ್ತದೆ ಅಂತ ನಾನೂ ನಂಬಿದ್ದೆ ಒಂದು ಕಾಲಕ್ಕೆ.

ಆಮೇಲೆ ಆರಿಸುವುದು. ಅಕ್ಕಿ ಆರಿಸಿದ ಹಾಗೇ, ಮೊರ ಇಲ್ಲ ಅಷ್ಟೇ. ಪ್ರತಿ ಶಾಟಿನ ಮೊದಲ ಎರಡು ಮೂರು ಸೆಕೆಂಡು ಮತ್ತು ಕೊನೆಯ ಎರಡು ಮೂರು ಸೆಕೆಂಡು ಕಣ್ಣು ಮುಚ್ಚಿ ತೆಗೆಯುತ್ತೇನೆ, ಅಲ್ಲಿ ರಿಮೋಟಿನ ಕಡ್ಡಿ ಒತ್ತಿದ, ಬಿಟ್ಟ ಕೈಯ ಗಡಿಬಿಡಿ ಕಾಣುತ್ತದೆ. ಉಳಿದದ್ದರಲ್ಲಿ ನಾಲ್ಕರಿಂದ ಆರು ಸೆಕೆಂಡು ಇಟ್ಟರೆ ಜಾಸ್ತಿ. ಚಲನೆ ನಿಂತ ಮೇಲೆ ಕತ್ತರಿಸಬೇಡಿ, ಚಲಿಸುತ್ತಿರುವಾಗಲೇ ಕತ್ತರಿಸಿ. ಮುಂದಕ್ಕೆ ಹೋಗುತ್ತಿದ್ದ ಡ್ರೋನ್ ಶಾಟಿಗೆ ಹಿಂದಕ್ಕೆ ಸರಿಯುವ ಶಾಟ್ ತಂದು ಅಂಟಿಸಿದರೆ ಬಸ್ಸು ಬ್ರೇಕ್ ಹಾಕಿ ರಿವರ್ಸ್ ಹೊಡೆದ ಹಾಗೆ ಅನಿಸುತ್ತದೆ. ಅದೂ ಒಮ್ಮೊಮ್ಮೆ ಬೇಕಾಗಬಹುದು, ಗೊತ್ತಿದ್ದು ಮಾಡಿದರೆ ಸರಿ.

ಒಂದು ಶಾಟ್ ತುಂಬ ಚಂದ ಇತ್ತು. ತೆಂಗಿನ ತೋಟದ ಮೇಲಿಂದ ಜಾರಿಕೊಂಡು ಹೋಗಿ ಒಮ್ಮೆಲೇ ನೀರು ತೆರೆದುಕೊಳ್ಳುತ್ತದೆ. ದೊಡ್ಡ ಪರದೆಯಲ್ಲಿ ನೋಡಿದಾಗ ಗೊತ್ತಾಯಿತು, ಮೂಲೆಯಲ್ಲಿ ಯಾರದೋ ಮನೆಯ ಹಿತ್ತಿಲು, ಮಾಡು ಇಲ್ಲದ ಬಚ್ಚಲು, ಯಾರೋ ಸ್ನಾನ ಮಾಡುತ್ತಿದ್ದಾರೆ. ಮುಖ ಕಾಣುವುದಿಲ್ಲ. ಆದರೂ ತೆಗೆದೆ. ಮಸುಕು ಮಾಡಬಹುದಿತ್ತು ಅಂತ ಗೆಳೆಯ ಹೇಳಿದ. ಮಸುಕು ಮಾಡಿದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಇನ್ನೊಂದು ಪಾಠ ಕಲಿಸಿದವರು ದೋಣಿ ನಡೆಸುವ ಒಬ್ಬ ಅಜ್ಜ. ಎರಡನೇ ಸಲ ಎಡಿಟ್ ಮಾಡಿದಾಗ ವಿಡಿಯೊ ಐದು ನಿಮಿಷಕ್ಕೆ ಇಳಿದಿತ್ತು, ನನಗೆ ಕೊಂಬು ಬಂದಿತ್ತು. ತದಡಿಯಲ್ಲಿ ದೋಣಿಗೆ ಕಾಯುವಾಗ ಅವರಿಗೆ ಫೋನಿನಲ್ಲಿ ತೋರಿಸಿದೆ. ಬಣ್ಣ ನೋಡಲಿಲ್ಲ, ಡ್ರೋನ್ ಎಷ್ಟು ಎತ್ತರ ಹೋಗುತ್ತದೆ ಅಂತಲೂ ಕೇಳಲಿಲ್ಲ. "ತಮಾ, ಇಲ್ಲಿ ಇಳಿತ ಇತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಭರತ ಹೇಗೆ ಬಂತು?" ಅಂದರು. ನೋಡಿದರೆ ಹೌದು. ಹೆಂಗಸರು ಮೊಣಕಾಲು ನೀರಿನಲ್ಲಿ ಬಗ್ಗಿ ಬೆಳಚು, ಅಂದರೆ ಚಿಪ್ಪುಮೀನು, ಹೆಕ್ಕುವ ಶಾಟ್, ಅದರ ಬೆನ್ನಿಗೇ ಅದೇ ಜಾಗ ನೀರು ತುಂಬಿಕೊಂಡ ಶಾಟ್. ಒಂದು ಬೆಳಿಗ್ಗೆ ತೆಗೆದದ್ದು, ಇನ್ನೊಂದು ಬೇರೆ ವಾರದ ಮಧ್ಯಾಹ್ನದ್ದು. ನೆರಳೂ ಅತ್ತಿಂದಿತ್ತ ಹಾರಿತ್ತು. ನನ್ನ ಕಣ್ಣಿಗೆ ಎರಡೂ ಬರೀ ನೀರು. ಅವರಿಗೆ ಅದು ಗಡಿಯಾರ.

ಅವತ್ತೇ ವಿಡಿಯೊಗೆ ಒಂದು ಬೆನ್ನೆಲುಬು ಸಿಕ್ಕಿತು. ಆಯಿ ಕೇಳಿದ್ದಳಲ್ಲ, ಎಂತ ಆಗ್ತದೆ ಅಂತ. ಇಳಿತದಿಂದ ಶುರು ಮಾಡಿ ಭರತಕ್ಕೆ ಮುಗಿಸಿದರೆ ಆಯಿತಲ್ಲ. ನೀರು ಇಳಿದಿದೆ, ಜನ ಬೆಳಚಿಗೆ ಇಳಿಯುತ್ತಾರೆ, ನೀರು ಏರುತ್ತದೆ, ಜನ ದಡಕ್ಕೆ ಬರುತ್ತಾರೆ, ಕಾಲುವೆಯಲ್ಲಿ ನುಗ್ಗಿದ ಉಪ್ಪು ನೀರು ಆಗರಕ್ಕೆ ಹೋಗುತ್ತದೆ. ಅಲ್ಲಿ ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹಾಯಿಸುತ್ತ ಬಿಸಿಲಿಗೆ ಬಿಟ್ಟರೆ ನೀರು ಗಟ್ಟಿಯಾಗುತ್ತ ಹೋಗಿ ಕೊನೆಯ ಚೌಕದಲ್ಲಿ ಉಪ್ಪಾಗಿ ಕೂರುತ್ತದೆ. ನೆಲದ ಮೇಲೆ ನಿಂತರೆ ಇದು ಬರೀ ಕೆಸರು ಬದು. 200 ಅಡಿ ಮೇಲೆ ಹೋಗಿ ನೇರ ಕೆಳಗೆ ನೋಡಿದರೆ, ಒಂದೊಂದು ಚೌಕಕ್ಕೂ ಒಂದೊಂದು ಬಣ್ಣ. ಡ್ರೋನ್ ಇಲ್ಲದೆ ತೋರಿಸಲಾಗದ ಸಂಗತಿ ನಿಜಕ್ಕೂ ಇದೊಂದೇ ಇತ್ತು, ಅದನ್ನು ನಾನು ಮೊದಲ ವಿಡಿಯೊದಲ್ಲಿ 11ನೇ ನಿಮಿಷದಲ್ಲಿ ಹುಗಿದಿಟ್ಟಿದ್ದೆ!

ಬಣ್ಣದ ವಿಷಯ ಬಂತು, ಹೇಳಿಬಿಡುತ್ತೇನೆ. ವೈಟ್ ಬ್ಯಾಲೆನ್ಸನ್ನು, ಅಂದರೆ ಬೆಳಕಿಗೆ ತಕ್ಕ ಹಾಗೆ ಬಣ್ಣ ಹೊಂದಿಸುವುದನ್ನು, ಆಟೊದಲ್ಲಿ ಬಿಡಬೇಡಿ. ನದಿಯಿಂದ ತೋಟದ ಕಡೆ ತಿರುಗುವಷ್ಟರಲ್ಲಿ ಚಿತ್ರ ನೀಲಿಯಿಂದ ಹಳದಿಗೆ ಬದಲಾಗಿರುತ್ತದೆ, ಅದನ್ನು ಎಡಿಟಿಂಗಿನಲ್ಲಿ ಸರಿ ಮಾಡುವುದು ತಲೆನೋವು. ಬಿಸಿಲಿದ್ದರೆ 5600 ಕೆಲ್ವಿನ್ನಿಗೆ ಇಟ್ಟು ಮರೆತುಬಿಡಿ. ರೆಡಿಮೇಡ್ ಲಟ್‌ಗಳು ಅಂತ ಸಿಗುತ್ತವೆ, ಒಂದು ಕ್ಲಿಕ್ಕಿಗೆ ಇಡೀ ಚಿತ್ರದ ಬಣ್ಣ ಬದಲಾಯಿಸುತ್ತವೆ. ಯಾವುದೋ ದೇಶದ ಬೆಳಕಿಗೆ ಮಾಡಿದ್ದು ಅದು. ನಮ್ಮ ಚಿರೇಕಲ್ಲಿನ ಗೋಡೆಗೆ ಹಾಕಿದರೆ ಗೋಡೆ ಕಿತ್ತಳೆ, ಜನರ ಮುಖವೂ ಕಿತ್ತಳೆ. ಗದ್ದೆಯ ಹಸಿರನ್ನು ಏರಿಸುವ ಚಟವೂ ಬೇಡ. ಕಗ್ಗದ ಗದ್ದೆ ಪ್ಲಾಸ್ಟಿಕ್ ಹುಲ್ಲಿನ ಹಾಗೆ ಕಾಣಲು ಶುರುವಾದರೆ ಎರಡು ಹೆಜ್ಜೆ ಹಿಂದೆ ಬನ್ನಿ.

ವೇಗದ ಬಗ್ಗೆ ಎರಡೇ ಮಾತು. ಜನ ಇಲ್ಲದ ಶಾಟನ್ನು ದುಪ್ಪಟ್ಟು ವೇಗ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಜನ ಇದ್ದರೆ ಹಳೇ ಮೂಕಿ ಚಿತ್ರದ ಹಾಗೆ ಪುಟುಪುಟು ಓಡುತ್ತಾರೆ. ನಿಧಾನ ಮಾಡಬೇಕಿದ್ದರೆ ಮೊದಲೇ ಸೆಕೆಂಡಿಗೆ 60 ಫ್ರೇಮಿನಲ್ಲಿ, ಅಂದರೆ 60 ಬಿಡಿ ಚಿತ್ರಗಳಲ್ಲಿ ತೆಗೆದಿರಬೇಕು. 30ರಲ್ಲಿ ತೆಗೆದು ಆಮೇಲೆ ಎಳೆದರೆ ಸಾಫ್ಟ್‌ವೇರ್ ನಡುವೆ ಇಲ್ಲದ ಫ್ರೇಮುಗಳನ್ನು ಕಲ್ಪಿಸಿ ತುಂಬುತ್ತದೆ, ನೀರಿನ ಅಲೆ ಜೆಲ್ಲಿ ಅಲುಗಿದ ಹಾಗೆ ಕಾಣುತ್ತದೆ. ಮಧ್ಯಾಹ್ನದ ಬಿಸಿಲಿಗೆ ಎನ್‌ಡಿ ಫಿಲ್ಟರ್ ಹಾಕಿ, ಅದು ಕ್ಯಾಮೆರಾದ ಕೂಲಿಂಗ್ ಗ್ಲಾಸ್. 30 ಫ್ರೇಮಿಗೆ ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 60ನೇ ಒಂದು ಭಾಗದ ಹತ್ತಿರ ನಿಂತರೆ ಚಲನೆ ನಯವಾಗಿರುತ್ತದೆ. ಇಲ್ಲದಿದ್ದರೆ ಕುಕ್ಕಿ ಕುಕ್ಕಿ ಹೋದ ಹಾಗಿರುತ್ತದೆ, ಮನೆಗೆ ಬಂದ ಮೇಲೆ ಅದಕ್ಕೆ ಒಳ್ಳೆಯ ಮದ್ದಿಲ್ಲ.

ಇಷ್ಟೆಲ್ಲ ಮಾಡಿ ಮೂರನೇ ಸಲ ನೋಡಿದೆ. ಕ್ರಮ ಸರಿ, ಬಣ್ಣ ಸರಿ, ಮೂರು ನಿಮಿಷ 40 ಸೆಕೆಂಡು. ಆದರೂ ಏನೋ ಸತ್ತ ಹಾಗೆ. ಗಾಜಿನ ಪೆಟ್ಟಿಗೆಯೊಳಗೆ ಇಟ್ಟ ಊರು. ಪಿಯಾನೊ ತೆಗೆದು ಕೊಳಲು ಹಾಕಿದೆ, ಕೊಳಲು ತೆಗೆದು ಸಿತಾರ್ ಹಾಕಿದೆ. ಯೂಟ್ಯೂಬಿನ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತ ಸಿಗುತ್ತದೆ, ಕಾಪಿರೈಟ್ ಕಾಟ ಇಲ್ಲ, ಒಂದು ಇಡೀ ರಾತ್ರಿ ಅದರಲ್ಲೇ ಹೋಯಿತು. ಸಂಗೀತ ಬದಲಾದಂತೆ ಊರು ಟೂರಿಸಂ ಜಾಹೀರಾತು ಆಯಿತೇ ಹೊರತು ನಮ್ಮೂರು ಆಗಲಿಲ್ಲ. ಸಿಟ್ಟಿಗೆ ಸಂಗೀತ ಪೂರ್ತಿ ಆಫ್ ಮಾಡಿದೆ. ಆಗ ಕಿಟಕಿಯಿಂದ ಪಕ್ಕದ ಮನೆಯವರು ಬಾವಿಯಿಂದ ನೀರು ಸೇದುವ ಸದ್ದು ಬಂತು, ರಾಟೆಯ ಕೀರಲು. ತೆರೆಯ ಮೇಲೆ ಊರಿನ ಹಂಚಿನ ಮಾಡುಗಳ ಶಾಟ್ ಓಡುತ್ತಿತ್ತು. ಒಂದು ಕ್ಷಣ ಆ ಮಾಡುಗಳ ಕೆಳಗೆ ಜನ ಇದ್ದಾರೆ ಅನಿಸಿತು.

ಮರುವಾರ ಡ್ರೋನ್ ಮನೆಯಲ್ಲೇ ಬಿಟ್ಟು ಫೋನ್ ಒಂದೇ ಹಿಡಿದು ಹೋದೆ. ಸುಮ್ನೆ ಕೂತು ಶಬ್ದ ಹಿಡಿಯುವ ಕೆಲಸ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮೈಕಿನ ತುದಿಗೆ ತೆಳ್ಳನೆ ಬಟ್ಟೆ ಸುತ್ತಿ, ಒಂದೊಂದು ಜಾಗದಲ್ಲಿ ಎರಡು ನಿಮಿಷ ಅಲುಗಾಡದೆ ಇರುವುದು. ಬಟ್ಟೆ ಸುತ್ತದಿದ್ದರೆ ಕರಾವಳಿಯ ಗಾಳಿ ಮೈಕಿಗೆ ಹೊಡೆದು ಬರೀ ಭರ್ ಅಂತ ಕೇಳುತ್ತದೆ. ದೋಣಿಯ ಎಂಜಿನ್, ದಡಕ್ಕೆ ಹಗ್ಗ ಎಸೆದ ಸದ್ದು. ಬೆಳಚು ಹೆಕ್ಕುವವರನ್ನು ಮೊದಲೇ ಕೇಳಿಕೊಂಡೆ, ಡ್ರೋನ್ ಹಾರಿಸುವಾಗಲೂ ಕೇಳಿದ್ದೆ. ಆಗ ದೂರದಿಂದ ಕೈಬೀಸಿ ಒಪ್ಪಿದ್ದರು. ಈ ಸಲ ಹತ್ತಿರ ಕೂರಿಸಿಕೊಂಡು ಮಾತಾಡಿದರು, ನನ್ನ ಸಂಬಳ ಎಷ್ಟು, ಮದುವೆ ಯಾಕೆ ಆಗಿಲ್ಲ, ಎಲ್ಲ ವಿಚಾರಿಸಿದರು. ಅದೂ ರೆಕಾರ್ಡ್ ಆಗಿದೆ, ವಿಡಿಯೊದಲ್ಲಿ ಇಲ್ಲ. ಚಿಪ್ಪುಗಳು ಬುಟ್ಟಿಗೆ ಬೀಳುವ ಖಣಖಣ ಮಾತ್ರ ಇದೆ.

ಟೈಮ್‌ಲೈನಿನಲ್ಲಿ ಇವನ್ನು ಜೋಡಿಸುವಾಗ ಒಂದು ಲೆಕ್ಕ ಹಾಕಿದ್ದೆ. ಡ್ರೋನ್ ಮೇಲಿದ್ದರೆ ಸದ್ದು ಸಣ್ಣಗೆ, ಕೆಳಗೆ ಬಂದಂತೆ ಜೋರು. ತರ್ಕಕ್ಕೆ ಅದೇ ಸರಿ, ಕೇಳುವುದಕ್ಕೆ ಸಪ್ಪೆ. ಉಲ್ಟಾ ಮಾಡಿ ನೋಡಿದೆ. 200 ಅಡಿ ಮೇಲಿಂದ ಆಗರ, ನಡುವೆ ಇರುವೆಯಷ್ಟು ದೊಡ್ಡ ಒಬ್ಬ ಮನುಷ್ಯ, ಕೈಯಲ್ಲಿ ಹಲಗೆ ಕಟ್ಟಿದ ಉದ್ದ ಕೋಲು. ಸದ್ದು ಮಾತ್ರ ಅವನ ಕಾಲ ಬುಡದ್ದು. ಈ ಒಂದು ಶಾಟನ್ನು ನಾನು ಆರು ಸೆಕೆಂಡಿಗೆ ಕತ್ತರಿಸಲಿಲ್ಲ, 22 ಸೆಕೆಂಡು ಹಾಗೇ ಬಿಟ್ಟೆ. ಆಯಿಗೆ ತೋರಿಸಿದಾಗ ಚಿಕ್ಕಪ್ಪನೂ ಇದ್ದರು. ಗೊರಕೆ ಇಲ್ಲ.

ವಿಡಿಯೊ ಹೊರಗೆ ತೆಗೆಯುವುದು ಸಣ್ಣ ಕೆಲಸ. ಯೂಟ್ಯೂಬಿಗಾದರೆ 1080ರ, ಅಂದರೆ ಫುಲ್ ಎಚ್‌ಡಿ ವಿಡಿಯೊಗೆ ಸೆಕೆಂಡಿಗೆ 8 ಮೆಗಾಬಿಟ್ ಸಾಕು ಅನ್ನುತ್ತಾರೆ, ನೀರಿನ ಅಲೆ ಜಾಸ್ತಿ ಇದ್ದರೆ 12 ಇಡಿ, ಇಲ್ಲದಿದ್ದರೆ ಅಲೆಯೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ವಿಡಿಯೊ ಅಂತ ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ.

ಸಮಯ ಆಯಿತು ಅಂತ ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಚಿತ್ರವನ್ನಂತೂ ನಿಮಗೆ ಇಲ್ಲಿ ತೋರಿಸಲಾರೆ. ಆ 22 ಸೆಕೆಂಡಿನ ಸದ್ದು ತಂದಿದ್ದೇನೆ. ಸಾಣಿಕಟ್ಟೆ, ಏಪ್ರಿಲ್ ತಿಂಗಳು, ಬೆಳಿಗ್ಗೆ. ಒಬ್ಬರು ಉಪ್ಪು ಎಳೆಯುತ್ತಿದ್ದಾರೆ. ಕೇಳಿ.

(ಧ್ವನಿಮುದ್ರಣ: ಒದ್ದೆ ಉಪ್ಪಿನ ಮೇಲೆ ಹಲಗೆ ಎಳೆಯುವ ಸದ್ದು, 22 ಸೆಕೆಂಡು)