ಗೇರ್ ಇಳಿಸಿ ಸ್ವಾಮಿ

ಎಲ್ಲ ಕೇಳುಗರಿಗೂ ನಮಸ್ಕಾರ. ಕಡಿಮೆ ಬೆಲೆಯ ಸಣ್ಣ ಕಾರು ಇಟ್ಟುಕೊಂಡವರು ಅದರ ಬಗ್ಗೆ ಏನನ್ನುತ್ತಾರೆ, ಸ್ವಲ್ಪ ಮಾತಾಡಿ ಅಂತ ರೇಡಿಯೋದವರು ನನ್ನನ್ನು ಕರೆದಿದ್ದಾರೆ. ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇದೆ. ಪಕ್ಕದ ಶೆಡ್ಡಿನಲ್ಲಿ ನಮ್ಮ ಮನೆಯವರ ಗ್ಯಾರೇಜ್. ಬೆಳಗ್ಗೆ ಕಾರು ಕಲಿಯುವವರು ನನ್ನ ಹತ್ತಿರ ಬರುತ್ತಾರೆ, ಸಾಯಂಕಾಲ ಕಾರನ್ನು ಬೈಯುವವರು ಅವರ ಹತ್ತಿರ ಬರುತ್ತಾರೆ. ಎರಡೂ ಕಡೆ ಕಿವಿ ಕೊಟ್ಟು ಕೊಟ್ಟು ನನಗೆ ಒಂದು ವಿಷಯ ಗಟ್ಟಿಯಾಗಿದೆ. ಅದನ್ನೇ ಹೇಳುತ್ತೇನೆ. ಬೇರೆ ಏನು ಮರೆತರೂ ಪರವಾಗಿಲ್ಲ. ಗೇರ್ ಇಳಿಸಿ. ಅಂದರೆ ಮೂರರಲ್ಲಿದ್ದರೆ ಎರಡಕ್ಕೆ ತನ್ನಿ.

ಸಣ್ಣ ಕಾರು ಅಂದರೆ ಯಾವುದು? ಉದ್ದ ನಾಲ್ಕು ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗೆ. ಟ್ಯಾಕ್ಸ್ ಲೆಕ್ಕದಲ್ಲಿ ಅದು ಸಣ್ಣ ಕಾರು. 2025ರ ಸೆಪ್ಟೆಂಬರ್ 22ರಿಂದ ಇದರ ಜಿಎಸ್‌ಟಿ 28 ಪರ್ಸೆಂಟ್‌ನಿಂದ 18ಕ್ಕೆ ಇಳಿಯಿತು, ಅದರ ಮೇಲಿನ ಸೆಸ್ಸೂ ಹೋಯಿತು. ಆಮೇಲೆ ನನ್ನ ಹತ್ತಿರ ಕಲಿಯಲು ಬರುವವರಲ್ಲಿ "ನಮ್ಮ ಮನೆಗೆ ಇದೇ ಮೊದಲ ಕಾರು ಮೇಡಂ" ಅನ್ನುವವರು ಜಾಸ್ತಿಯಾಗಿದ್ದಾರೆ. ಈ ಮಾತು ಮುಖ್ಯವಾಗಿ ಅವರಿಗೆ. ಸೆಕೆಂಡ್ ಹ್ಯಾಂಡ್ ತಗೊಂಡವರೂ ಕೇಳಿ, ನಿಮಗೆ ಇನ್ನೂ ಜಾಸ್ತಿ ಬೇಕು.

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಜನ ಹೊಗಳುವಾಗ ಬೇಗ ಮುಗಿಸುತ್ತಾರೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ ಅಕ್ಕಪಕ್ಕದ ಗಲ್ಲಿಗಳಲ್ಲಿ ಎದುರಿಗೆ ಒಂದು ಟೆಂಪೋ ಬಂದರೆ ದೊಡ್ಡ ಗಾಡಿಯವರು ಹಿಂದಕ್ಕೆ ಹೋಗಬೇಕು. ಸಣ್ಣ ಕಾರಿನವರು ಒಂದು ಕಡೆ ಸರಿದು ನಿಲ್ಲುತ್ತಾರೆ, ಆಯಿತು. ಸಾಮಾನು ಯಾವ ಊರಲ್ಲಾದರೂ ಸಿಗುತ್ತದೆ. ಮೆಕ್ಯಾನಿಕ್ ಬಾನೆಟ್ ಎತ್ತಿ ಗಾಬರಿಯಾಗುವುದಿಲ್ಲ. ನಮ್ಮ ಕಡೆಯ ಒಬ್ಬ ರೋಜಾ ಬೆಳೆಗಾರರು ಹಿಂದಿನ ಸೀಟು ಮಡಚಿ ಹೂವಿನ ಮೂಟೆ ತುಂಬಿಕೊಂಡು ಬೆಳಗಿನ ಜಾವ ಮಾರ್ಕೆಟ್‌ಗೆ ಹೋಗುತ್ತಾರೆ, ಮಧ್ಯಾಹ್ನ ಅದೇ ಸೀಟಿನಲ್ಲಿ ಮಕ್ಕಳನ್ನು ಸ್ಕೂಲಿಂದ ಕರೆತರುತ್ತಾರೆ. ಹೂವಿಗೆ ಚಿಮುಕಿಸಿದ ನೀರು ಮ್ಯಾಟ್ ಕೆಳಗೆ ಇಳಿದು ನೆಲದ ತಗಡು ತುಕ್ಕು ಹಿಡಿದಿತ್ತು. ನಮ್ಮ ಮನೆಯವರು ಮ್ಯಾಟ್ ಎತ್ತಿ ತೋರಿಸಿದಾಗ ಅವರು "ಹೂವಿನ ವಾಸನೆ ಬರುತ್ತಲ್ಲ, ಅದಕ್ಕೆ ಸರಿಹೋಯ್ತು ಬಿಡಿ" ಅಂದರು. ಇಂಥವರ ಹತ್ತಿರ ವಾದ ಮಾಡೋಕ್ಕಾಗಲ್ಲ.

ಈಗ ಬೈಗುಳಕ್ಕೆ ಬರೋಣ. "ದಿಬ್ಬದಲ್ಲಿ ಎಳೆಯಲ್ಲ." "ಎಸಿ ಹಾಕಿದರೆ ಸತ್ತೇ ಹೋಗುತ್ತೆ." "ಕ್ಲಚ್ ಪ್ಲೇಟ್ ಬೇಗ ಹೋಯ್ತು." "ಬೆಟ್ಟ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ." ನಾಲ್ಕೂ ಬೇರೆ ಬೇರೆ ಕಾಯಿಲೆ ಅಂದುಕೊಂಡು ಬರುತ್ತಾರೆ. ನನಗೆ ಒಂದೇ ಔಷಧಿ ಗೊತ್ತು.

ನಮ್ಮ ಊರಿನ ಒಬ್ಬ ಮೇಷ್ಟ್ರ ಕಥೆ ಹೇಳುತ್ತೇನೆ. ಹೈಸ್ಕೂಲ್‌ನಲ್ಲಿ ಲೆಕ್ಕ ಹೇಳಿಕೊಡುವವರು. 800 ಸಿಸಿಯ ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದರು. ಒಂದು ದಿನ ಗ್ಯಾರೇಜಿಗೆ ಬಂದು, "ಇದನ್ನು ಯಾರಿಗಾದರೂ ಮಾರಿಸಿಕೊಡಿ. ನಂದಿಬೆಟ್ಟ ಹತ್ತಲ್ಲ ಅನ್ನುತ್ತೆ. ಮನೆ ಮುಂದೆ ಬೆಟ್ಟ ಇಟ್ಕೊಂಡು ಹತ್ತದಿರೋ ಕಾರು ಯಾಕೆ ಬೇಕು?" ಅಂದರು. ಕಾರು ಹತ್ತುತ್ತದೆ, ನೀವು ಹತ್ತಿಸುತ್ತಿಲ್ಲ ಅಂತ ನಾನು ಹೇಳಿದೆ. ಅವರಿಗೆ ಸಿಟ್ಟು ಬಂತು. ಸರಿ, ಭಾನುವಾರ ಹೋಗೋಣ, ನೀವೇ ಓಡಿಸಿ, ನಾನು ಪಕ್ಕದಲ್ಲಿ ಸುಮ್ನೆ ಕೂತಿರುತ್ತೇನೆ ಅಂದೆ.

ಭಾನುವಾರ ನೋಡಿದರೆ ಅವರ ಹೆಂಡತಿ, ಮಗ, ಜೊತೆಗೆ ಅವರ ತಾಯಿ. ನಾವು ಐದು ಜನ. ಅಜ್ಜಿ ಹಿಂದೆ ಮಧ್ಯದಲ್ಲಿ ಕೂತು ಎರಡು ಸೀಟಿನ ನಡುವೆ ತಲೆ ಹಾಕಿದ್ದರು. ಡ್ಯಾಶ್‌ಬೋರ್ಡ್ ಮೇಲೆ ಹೆಬ್ಬೆರಳುದ್ದದ ಪುಟ್ಟ ಗಣಪತಿ ಅಂಟಿಸಿದ್ದರು. ನಂದಿ ಗ್ರಾಮ, ಭೋಗನಂದೀಶ್ವರನ ದೇವಸ್ಥಾನ, ಅಲ್ಲಿಯವರೆಗೆ ಏನೂ ತೊಂದರೆ ಇಲ್ಲ. ಮೇಷ್ಟ್ರು ಚೆನ್ನಾಗಿಯೇ ಓಡಿಸುತ್ತಾರೆ. ಘಾಟ್ ಶುರುವಾಯಿತು. ಮೂರನೇ ಗೇರ್, ಎಸಿ ಆನ್, ಐದು ಜನ. ಮೊದಲ ತಿರುವಲ್ಲೇ ಗಾಡಿ ಸೊರಗಿತು. ಎಕ್ಸಲೇಟರ್ ಪೂರ್ತಿ ತುಳಿದಿದ್ದಾರೆ, ಸ್ಪೀಡು 25ಕ್ಕೆ ಇಳಿದಿದೆ, ಗೇರ್ ಲಿವರ್ ಗಡಗಡ ಅನ್ನುತ್ತಿದೆ, ಗಣಪತಿ ನಿಂತಲ್ಲೇ ಕುಣಿಯುತ್ತಿದ್ದಾನೆ. ಹಿಂದೆ ಹಾರ್ನ್ ಮೇಲೆ ಹಾರ್ನ್.

"ಮೇಷ್ಟ್ರೇ, ಗೇರ್ ಇಳಿಸಿ."

"ಬೇಡ ಮೇಡಂ, ಸೆಕೆಂಡಿಗೆ ಹಾಕಿದರೆ ಎಂಜಿನ್ ಕಿರಚುತ್ತೆ, ಪಾಪ."

ಈ "ಪಾಪ" ಅನ್ನುವ ಮಾತೇ ನೋಡಿ ಎಲ್ಲ ಕೆಡಿಸಿರುವುದು. ನಮ್ಮ ಜನಕ್ಕೆ ಎಂಜಿನ್ ಸದ್ದು ಮಾಡಿದರೆ ಕಷ್ಟಪಡುತ್ತಿದೆ, ಮೆತ್ತಗಿದ್ದರೆ ಆರಾಮಾಗಿದೆ ಅಂತ ಲೆಕ್ಕ. ಪೂರ್ತಿ ಉಲ್ಟಾ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ದಿಬ್ಬ ಹತ್ತುವವರು ಉದ್ದುದ್ದ ಹೆಜ್ಜೆ ಹಾಕುತ್ತಾರಾ? ಚಿಕ್ಕ ಚಿಕ್ಕ ಹೆಜ್ಜೆ, ಬೇಗ ಬೇಗ. ಸಣ್ಣ ಎಂಜಿನ್ನೂ ಅಷ್ಟೇ. ಆ 800 ಸಿಸಿ ಎಂಜಿನ್ನಿನ ಪೂರ್ತಿ ಎಳೆತ ಸಿಗುವುದು ನಿಮಿಷಕ್ಕೆ ಸುಮಾರು 3500 ಸುತ್ತು ತಿರುಗುವಾಗ. ಪೂರ್ತಿ ಪವರ್, ಅದೂ 50 ಕುದುರೆ ಶಕ್ತಿಯ ಒಳಗೇ, ಸಿಗುವುದು 6000 ಸುತ್ತಿನಲ್ಲಿ. ಮೂರನೇ ಗೇರಿನಲ್ಲಿ 25 ಕಿಲೋಮೀಟರ್ ಸ್ಪೀಡಲ್ಲಿ ಅದು 1500ರ ಆಸುಪಾಸು ತಿರುಗುತ್ತಿರುತ್ತದೆ. ಎಲ್ಲಿಂದ ಎಳೆಯಬೇಕು?

ಮೇಷ್ಟ್ರು ಲೆಕ್ಕದವರಲ್ವಾ, ಅವರಿಗೆ ಇನ್ನೊಂದು ಲೆಕ್ಕ ಕೊಟ್ಟೆ. ಕಾರಿನ ತೂಕ 700ರಿಂದ 800 ಕೆ.ಜಿ. ಐದು ಜನ, ತಲಾ 65 ಅಂದರೂ 325 ಕೆ.ಜಿ. ಒಬ್ಬರೇ ಆಫೀಸಿಗೆ ಹೋಗುವಾಗ ಎಳೆಯುವ ಕಾರು ಐದು ಜನ ಕೂತಾಗ ಅದೇ ಗೇರಲ್ಲಿ ಎಳೆಯಬೇಕು ಅಂದರೆ ಹೇಗೆ? ದೊಡ್ಡ ಗಾಡಿಯಲ್ಲಿ ಐದು ಜನ ಕೂತರೆ ಗೊತ್ತೇ ಆಗಲ್ಲ. ಸಣ್ಣದರಲ್ಲಿ ಒಬ್ಬೊಬ್ಬರೂ ಗೊತ್ತಾಗುತ್ತಾರೆ. ಮೇಲಿಂದ ಎಸಿ ಕಂಪ್ರೆಸರ್ ತಿರುಗುವುದೂ ಅದೇ ಎಂಜಿನ್ನಿನ ಬಲದಿಂದ, ಅದಕ್ಕೆ ಬೇರೆ ಮೋಟಾರ್ ಇಲ್ಲ.

ಇಷ್ಟು ಹೇಳಿದರೂ ಅವರ ಕೈ ಲಿವರ್ ಹತ್ತಿರ ಹೋಗಲಿಲ್ಲ. ಕೊನೆಗೆ ಹಿಂದಿನಿಂದ ಅಜ್ಜಿ, "ಲೋ, ಆಯಮ್ಮ ಹೇಳ್ತಾವ್ಳಲ್ಲ, ಹಾಕೋ! ಗಣಪತಿ ಬಿದ್ದೋಗ್ತಾನೆ" ಅಂದರು. ತಾಯಿ ಮಾತಿಗೆ ಹಾಕಿದರು. ಸೆಕೆಂಡ್ ಗೇರ್. ಎಂಜಿನ್ ಸದ್ದು ಏರಿತು, ಹೌದು. ಆದರೆ ಗಡಗಡ ನಿಂತಿತು, ಗಾಡಿ ಮುಂದಕ್ಕೆ ನುಗ್ಗಿತು, ಗಣಪತಿ ಅಲ್ಲಾಡದೆ ನಿಂತ. ಎಸಿ ಆಫ್ ಮಾಡಿ ಕಿಟಕಿ ಇಳಿಸಿದೆವು, ಬೆಟ್ಟದ ಗಾಳಿ ಇರುವಾಗ ಎಸಿ ಯಾಕೆ ಬೇಕು? ಒಂದೆರಡು ಹೇರ್‌ಪಿನ್ ತಿರುವಲ್ಲಿ ಗಾಡಿ ಪೂರ್ತಿ ನಿಧಾನ ಮಾಡಿ ಫಸ್ಟ್ ಗೇರೂ ಹಾಕಿಸಿದೆ. ಅದೇನು ಅವಮಾನ ಅಲ್ಲ. 1478 ಮೀಟರ್ ಎತ್ತರದ ಬೆಟ್ಟ ಅದು, ಸುಮ್ನೆ ಅಲ್ಲ. ಮೇಲಿನವರೆಗೆ ಆರಾಮಾಗಿ ಹೋದೆವು.

ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಎಂಜಿನ್ ಸುತ್ತು ತೋರಿಸುವ ಮೀಟರ್ ಎಷ್ಟೋ ಸಲ ಇರುವುದಿಲ್ಲ. ಅದಕ್ಕೆ ಆಮೇಲಿಂದ ನಾನು ಕಲಿಯುವವರಿಗೆಲ್ಲ ಹೇಳುವುದು ಇಷ್ಟೇ. ಡ್ಯಾಶ್‌ಬೋರ್ಡ್ ಮೇಲಿನ ದೇವರು ಕುಣಿದರೆ ಗೇರ್ ಇಳಿಸಿ.

ಕಥೆ ಮುಗಿದಿಲ್ಲ, ಇಳಿಯುವುದು ಬಾಕಿ ಇದೆ. ವಾಪಸ್ ಬರುವಾಗ ಮೇಷ್ಟ್ರು ಬಹಳ ಖುಷಿಯಲ್ಲಿ ಲಿವರನ್ನು ನ್ಯೂಟ್ರಲ್‌ಗೆ ತಂದರು. "ಇಳಿಜಾರಲ್ವಾ, ಪೆಟ್ರೋಲ್ ಉಳಿಯುತ್ತೆ." ಸುಮ್ನೆ ಕೂತಿರುತ್ತೇನೆ ಅಂದಿದ್ದವಳು ನಾನು, ಆಗ ಜೋರಾಗಿಯೇ ಕೂಗಿದೆ. ಕೇಳಿಸಿಕೊಳ್ಳಿ, ಇದನ್ನು ಮಾತ್ರ ದಯವಿಟ್ಟು ಮಾಡಬೇಡಿ. ನ್ಯೂಟ್ರಲ್‌ನಲ್ಲಿ ಗಾಡಿಯನ್ನು ಹಿಡಿಯುವುದು ಬ್ರೇಕ್ ಒಂದೇ. ಬೆಟ್ಟ ಪೂರ್ತಿ ಅದನ್ನೇ ತುಳಿದುಕೊಂಡು ಬಂದರೆ ಬ್ರೇಕ್ ಪ್ಯಾಡ್ ಕಾಯುತ್ತದೆ, ಆಮೇಲೆ ಬ್ರೇಕ್ ಆಯಿಲ್ ಕುದಿಯುತ್ತದೆ. ಕುದಿದರೆ ಅದರಲ್ಲಿ ಗುಳ್ಳೆ ಏಳುತ್ತದೆ, ಪೆಡಲ್ ತುಳಿದರೆ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಕೆಲವರು ಇನ್ನೂ ಬುದ್ಧಿವಂತರು, ಎಂಜಿನ್ನೇ ಆಫ್ ಮಾಡುತ್ತಾರೆ. ಎಂಜಿನ್ ಆಫ್ ಆದರೆ ಬ್ರೇಕಿಗೆ ಸಿಗುವ ವ್ಯಾಕ್ಯೂಮ್ ಸಹಾಯ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಖಾಲಿ. ಪವರ್ ಸ್ಟೇರಿಂಗ್ ಕಲ್ಲಾಗುತ್ತದೆ. ಕೀ ಎಳೆದುಬಿಟ್ಟರೆ ಸ್ಟೇರಿಂಗ್ ಲಾಕೇ ಆಗುತ್ತದೆ. ಎದುರಿಗೆ ತಿರುವು.

ಇನ್ನು ಪೆಟ್ರೋಲ್ ಉಳಿಯುತ್ತೆ ಅನ್ನುವುದು. ಈಗಿನ ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು ನೀವು ಎಕ್ಸಲೇಟರ್‌ನಿಂದ ಕಾಲು ತೆಗೆದರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದ ಹಾಗೆ ಸ್ವಲ್ಪ ಸ್ವಲ್ಪ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಅಂದರೆ ಉಳಿಸುತ್ತೇನೆ ಅಂತ ನ್ಯೂಟ್ರಲ್ ಮಾಡಿದವರು ಖರ್ಚು ಮಾಡುತ್ತಿದ್ದಾರೆ. ಮೇಷ್ಟ್ರು ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಹತ್ತಿದ ಗೇರಲ್ಲೇ ಇಳಿಯಿರಿ ಅಂದೆ. ಸೆಕೆಂಡಿಗೆ ಹಾಕಿದರು, ಗಾಡಿಯನ್ನು ಎಂಜಿನ್ನೇ ಹಿಡಿದುಕೊಂಡಿತು, ಬ್ರೇಕ್ ತಿರುವಿಗೆ ಮಾತ್ರ. ಕೆಳಗೆ ಬಂದಾಗ ಯಾವ ವಾಸನೆಯೂ ಇಲ್ಲ. ಕಾರು ಮಾರುವ ಮಾತು ಅಲ್ಲಿಗೇ ಬಿಟ್ಟರು. ಎಸಿ ವಿಷಯಕ್ಕೆ ಮಾತ್ರ ಇವತ್ತಿಗೂ ನನ್ನ ಹತ್ತಿರ ಜಗಳ ಆಡುತ್ತಾರೆ, "ದುಡ್ಡು ಕೊಟ್ಟಿದ್ದೀನಿ, ಯಾಕೆ ಆಫ್ ಮಾಡಲಿ" ಅಂತ.

ಆಟೊಮ್ಯಾಟಿಕ್ ಇದೆ, ನಮಗೆ ಇದೆಲ್ಲ ಬೇಡ ಅನ್ನುವವರಿಗೆ ಒಂದು ಮಾತು. ಕಡಿಮೆ ಬೆಲೆಯ ಕಾರಿನಲ್ಲಿ ಹೆಚ್ಚಾಗಿ ಬರುವುದು ಎಎಂಟಿ. 2014ರಲ್ಲಿ ಮಾರುತಿಯ ಸೆಲೆರಿಯೋ ಕಾರಿನ ಜೊತೆ ನಮ್ಮ ದೇಶಕ್ಕೆ ಬಂತು. ಒಳಗೆ ಇರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ತುಳಿಯುವ, ಗೇರ್ ಬದಲಾಯಿಸುವ ಕೆಲಸ ಮಾತ್ರ ಅದೇ ಮಾಡಿಕೊಳ್ಳುತ್ತದೆ. ಘಾಟಲ್ಲಿ ಲಿವರನ್ನು ಮ್ಯಾನುಯಲ್ ಕಡೆ ತಂದು ನೀವೇ ಇಳಿಸಿ. ಇಳಿಸುವುದಕ್ಕೆ ಅಂತಲೇ ಮೈನಸ್ ಗುರುತು ಕೊಟ್ಟಿರುತ್ತಾರೆ. ಏರಿನಲ್ಲಿ ಟ್ರಾಫಿಕ್ ನಿಂತಾಗ ಎಕ್ಸಲೇಟರ್ ಮೇಲೆ ಗಾಡಿಯನ್ನು ತೂಗಿಸಿ ನಿಲ್ಲಿಸಬೇಡಿ, ಒಳಗೆ ಕ್ಲಚ್ ಸುಡುತ್ತಿರುತ್ತದೆ. ಕ್ಲಚ್ ಪೆಡಲ್ ಇರುವವರಿಗೂ ಇದೇ ಮಾತು. ರಜೆ ದಿನ ಅವಲಗುರ್ಕಿ ಕಡೆ, ನಂದಿ ಕಡೆ ಗಾಡಿಗಳ ಸಾಲು ನಿಂತಿರುತ್ತಲ್ಲ, ಅಲ್ಲಿ ಹಾಫ್ ಕ್ಲಚ್‌ನಲ್ಲಿ, ಅಂದರೆ ಕ್ಲಚ್ ಅರ್ಧ ತುಳಿದುಕೊಂಡು, ನಿಂತವರೇ ನಮ್ಮ ಮನೆಯವರಿಗೆ ಸೋಮವಾರದ ಗಿರಾಕಿಗಳು. ಹ್ಯಾಂಡ್ ಬ್ರೇಕ್ ಎಳೆಯಿರಿ, ಅದಕ್ಕೇ ಇರುವುದು.

ಗಾಜಿನ ಆಚೆಯಿಂದ ಟೈಮ್ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ಟೈರಿನ ಬಗ್ಗೆ ಒಂದು ಹಾಳೆ ಬರೆದುಕೊಂಡು ಬಂದಿದ್ದೆ, ಹೋಯಿತು. ಬೇಗ ಹೇಳುತ್ತೇನೆ. ಗಾಳಿ ಎಷ್ಟು ಹಾಕಿಸಬೇಕು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ಮೇಲೆ ಬರೆದಿರುತ್ತದೆ, ಐದು ಜನ ಕೂತಾಗ ಎಷ್ಟು ಅನ್ನುವುದನ್ನೂ ನೋಡಿ, ಪಂಚರ್ ಅಂಗಡಿಯವರನ್ನು ಕೇಳಬೇಡಿ. ಬ್ರೇಕ್ ಆಯಿಲ್ ನೀರು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಬೆಂಗಳೂರು ಹೈವೇಯಲ್ಲಿ ಲಾರಿ ಪಕ್ಕ ಹೋದಾಗ ಸಣ್ಣ ಕಾರು ಅಲ್ಲಾಡುತ್ತದೆ ಅಂತ ಕಂಪ್ಲೇಂಟ್ ಮಾಡುತ್ತಾರೆ. ಹಗುರವಾದ ಗಾಡಿ, ಅಲ್ಲಾಡುತ್ತದೆ. ಎರಡೂ ಕೈ ಸ್ಟೇರಿಂಗ್ ಮೇಲಿರಲಿ. ಓವರ್‌ಟೇಕ್ ಮಾಡುವ ಮುಂಚೆ ಏನು ಮಾಡಬೇಕು? ಹೌದು, ಗೇರ್ ಇಳಿಸಿ, ಆಮೇಲೆ ಹೊರಗೆ ಬನ್ನಿ. ನಾಲ್ಕನೇ ಗೇರಲ್ಲಿ ಅರ್ಧ ದಾರಿಗೆ ಬಂದು ಎಳೆಯಲ್ಲ ಅಂತ ನನಗೆ ಹೇಳಿ ಪ್ರಯೋಜನವಿಲ್ಲ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವವರು ಖಾಲಿ ರೋಡಿನಲ್ಲಿ ನಾಲ್ಕನೇ ಗೇರ್ ಹಾಕಿ ಎಕ್ಸಲೇಟರ್ ಜೋರಾಗಿ ತುಳಿದು ನೋಡಿ. ಸದ್ದು ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಮುಗಿದಿದೆ, ಅಷ್ಟು ದುಡ್ಡು ಕಡಿಮೆ ಮಾಡಿಸಿ.

ಈ ಭಾನುವಾರ ಬೆಟ್ಟಕ್ಕೆ ಹೋಗುವವರು ಇನ್ನೊಂದು ಗಮನದಲ್ಲಿಡಿ. ಇಕ್ಕಟ್ಟಿನ ಘಾಟ್ ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ಅದು ರೂಲ್ಸ್. ಸಣ್ಣ ಕಾರಿನವರು ಏರಿನ ಮಧ್ಯೆ ನಿಂತರೆ ಮತ್ತೆ ಹೊರಡುವುದು ಎಷ್ಟು ಕಷ್ಟ ಅಂತ ದೊಡ್ಡ ಗಾಡಿಯವರಿಗೆ ಗೊತ್ತಾಗಲ್ಲ, ಅವರಿಗೂ ಸ್ವಲ್ಪ ಹೇಳಿ. ನಮಸ್ಕಾರ.